ಐದನೇ ಕಲಮು

ಅಧ್ಯಕ್ಷ ಮುನೀರ್ ತರಬೈ ಪತ್ರಿಕೆಯನ್ನು ಎಸೆದ ರಭಸಕ್ಕೆ ಮೇಜಿನ ಮೇಲಿದ್ದ ಆಲಿವ್ ತಟ್ಟೆ ವಾಲಿ, ಎರಡು ಕಾಯಿ ಉರುಳಿಕೊಂಡು ಬಂದು ವಿದಾದಳ ಕಡತಕ್ಕೆ ತಗುಲಿ ನಿಂತವು. ಅವಳು ಅವನ್ನು ಬೆರಳ ತುದಿಯಿಂದ ಎತ್ತಿ ತಟ್ಟೆಗೆ ಹಾಕಿದಳು. ಕಡತದ ಮೇಲೆ ಎಣ್ಣೆಯ ಕಲೆ ಉಳಿಯಿತು.

“ನೋಡಿ ಸಿತ್ ವಿದಾದ್, ಚೆನ್ನಾಗಿ ನೋಡಿ. ನನ್ನನ್ನ ಹೋಟ್ಲು ಮಾಣಿ ಮಾಡಿದಾರೆ!”

ವ್ಯಂಗ್ಯಚಿತ್ರದಲ್ಲಿ ಅಧ್ಯಕ್ಷರು ಹೆಗಲಿಗೆ ಒರೆಸುವ ಬಟ್ಟೆ ಹಾಕಿಕೊಂಡು, ಸೊಂಟ ಬಗ್ಗಿಸಿ, ವಿದೇಶಿ ರಾಯಭಾರಿಯ ಮುಂದೆ ತಟ್ಟೆ ಹಿಡಿದಿದ್ದರು. ತಟ್ಟೆಯಲ್ಲಿ ದೇಶದ ನಕ್ಷೆ. ದಕ್ಷಿಣದ ಕಡೆ ಯಾರೋ ಆಗಲೇ ಒಂದು ತುಂಡು ಕಚ್ಚಿ ತಿಂದಿದ್ದರು.

“ಮೂಗು ಸರಿಯಾಗಿ ಬರ್ದಿದಾನೆ, ರಈಸ್,” ಎಂದಳು ವಿದಾದ್. ಅವಳನ್ನು “ಸಿತ್”, ಅಮ್ಮಾವರೇ, ಎನ್ನುವುದು ಅವರ ರೂಢಿ; ಅವರನ್ನು “ರಈಸ್”, ಅಧ್ಯಕ್ಷರೇ, ಎನ್ನುವುದು ಎಲ್ಲರ ರೂಢಿ.

“ತಮಾಷೆ ಮಾಡ್ಬೇಡಿ.”

“ತಮಾಷೆ ಅಲ್ಲ. ಉಳಿದಿದ್ದೂ ಸರಿಯಾಗೇ ಇದೆ ಅಂತ ಹೇಳೋಕೆ ಧೈರ್ಯ ಸಾಲ್ದೆ ಮೂಗಿಂದ ಶುರು ಮಾಡ್ದೆ.”

ಹೀಗೆ ಮಾತಾಡುವ ಸಲಿಗೆ ಅವಳಿಗೊಬ್ಬಳಿಗೇ ಇತ್ತು. ಹತ್ತೊಂಬತ್ತು ವರ್ಷಗಳ ಹಿಂದೆ, ಅವರಿನ್ನೂ ನ್ಯಾಯಾಧೀಶರಾಗಿದ್ದಾಗ, ಅವರ ತೀರ್ಪುಗಳನ್ನು ತಿದ್ದಿ ಬರೆಯಲು ಸೇರಿದವಳು ಅವಳು. ಅವರು ಗುಡ್ಡದ ಮೇಲಿನ ಈ ಅರಮನೆಗೆ ಬಂದಾಗ ಸಲಹೆಗಾರ್ತಿ ಎಂಬ ಹೆಸರು ಹೊತ್ತು ಜೊತೆಗೆ ಬಂದಳು. ಹೆಸರು ಬದಲಾಯಿತು, ಕೆಲಸ ಅದೇ. ಅವರ ಕೋಪವನ್ನು ಸೋಸುವುದು. “ಆ ಕಳ್ಳರಿಗೆ ಹೇಳಿ” ಎಂದು ಅವರು ಕೂಗಿದ್ದನ್ನು ಅವಳು “ನಮ್ಮ ನೆರೆಯವರ ಗಮನಕ್ಕೆ ತರಬಯಸುತ್ತೇವೆ” ಎಂದು ಬರೆಯುತ್ತಿದ್ದಳು. ಐವತ್ನಾಲ್ಕು ತುಂಬಿದ ಮೇಲೆ ಅವಳಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು, ಬೇರೆಯವರ ಸಿಟ್ಟನ್ನು ಸೋಸಿ ಸೋಸಿ, ಉಳಿದ ಗಸಿಯೆಲ್ಲ ತನ್ನೊಳಗೇ ಇಳಿದು ಕೂತಿದೆ ಎಂದು.

ಯುದ್ಧಕ್ಕೆ ಅಂದು ನಲವತ್ತೊಂದನೆಯ ದಿನ. ಮಧ್ಯಸ್ಥಿಕೆಗೆ ಬಂದಿದ್ದ ರಾಯಭಾರಿ ಕೆಳಗೆ ಊರಿನ ಹೋಟೆಲಿನಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಕೂತಿದ್ದ. ಎರಡು ಗಂಟೆಗೆ ಅವನ ವಿಮಾನ. ಏಳು ಕಲಮುಗಳ ಒಪ್ಪಂದಕ್ಕೆ ಅಷ್ಟರೊಳಗೆ ಸಹಿ ಬಿದ್ದರೆ ಸಂಜೆ ಆರಕ್ಕೆ ಬಾಂಬು ನಿಲ್ಲುತ್ತದೆ. ಆರು ಕಲಮುಗಳ ಬಗ್ಗೆ ಯಾರ ತಕರಾರೂ ಇರಲಿಲ್ಲ. ಐದನೆಯದು ಹನ್ನೊಂದು ಜನರ ಕುರಿತದ್ದು. ದಕ್ಷಿಣದ ಕರಾವಳಿಯ ರಾಸ್ ಅಲ್-ಮೀನಾದ ಎಂಟು ಮಂದಿ ಬೆಸ್ತರು, ಅವರನ್ನು ಕಾಪಾಡಲು ದೋಣಿಯಲ್ಲಿ ಹೋದ ಮೂವರು ಆಂಬುಲೆನ್ಸಿನವರು. ಎಲ್ಲರನ್ನೂ ಗಡಿಯಾಚೆಯವರು ನಡುನೀರಿನಲ್ಲಿ ಹಿಡಿದುಕೊಂಡು ಹೋಗಿದ್ದರು. “ಹನ್ನೊಂದು ಜನರನ್ನು ಹತ್ತು ದಿನಗಳೊಳಗೆ ಹಿಂತಿರುಗಿಸತಕ್ಕದ್ದು” ಎಂದು ವಿದಾದ್ ಬರೆದಿದ್ದಳು. ಆಚೆಯಿಂದ ತಿದ್ದಿ ಬಂದ ಪ್ರತಿಯಲ್ಲಿ “ಹನ್ನೊಂದು ಜನರ ವಿಷಯವನ್ನು ಸೂಕ್ತ ಸಮಯದಲ್ಲಿ ಪರಿಶೀಲಿಸಲಾಗುವುದು” ಎಂದಿತ್ತು.

“ಇದಕ್ಕೆ ಸಹಿ ಹಾಕ್ತೀರಾ?” ಎಂದಳು.

“ಹಾಕ್ದೆ ಇನ್ನೇನು ಮಾಡ್ಲಿ? ದಿನಕ್ಕೆ ಅರವತ್ತು ಜನ ಸಾಯ್ತಿದಾರೆ. ಸೋಮವಾರ ಸಂತೇಲಿ ಎಷ್ಟು ಜನ ಹೋದ್ರು ಅಂತ ಲೆಕ್ಕಾನೂ ಸಿಕ್ಕಿಲ್ಲ. ಹನ್ನೊಂದು ಜನಕ್ಕೋಸ್ಕರ ಇನ್ನೊಂದು ವಾರ ಬಾಂಬು ಹಾಕಿಸ್ಕೊಳ್ಳಿ ಅಂತ ಯಾರ ಮುಖಕ್ಕೆ ಹೇಳ್ಲಿ ನಾನು?”

“ಆ ಹನ್ನೊಂದು ಜನರ ತಾಯಂದಿರ ಮುಖಕ್ಕೆ ಏನು ಹೇಳ್ತೀರಿ?”

“ಓ, ಅವರಾ!” ಅಧ್ಯಕ್ಷರು ಕಿಟಕಿಯ ಕಡೆ ಕೈ ಬೀಸಿದರು. “ಇಪ್ಪತ್ತಾರು ದಿನದಿಂದ ಗೇಟಿನ ಮುಂದೆ ಕುರ್ಚಿ ಹಾಕ್ಕೊಂಡು ಕೂತಿದಾರೆ. ಅವರಿಗೆ ಊಟ ಯಾರು ಕಳಿಸ್ತಾರೆ? ಆ ಕುರ್ಚಿ ಯಾರು ಕೊಟ್ಟಿದ್ದು? ವಿರೋಧ ಪಕ್ಷದೋರು ಕೂರಿಸಿದಾರೆ ಅಂತ ಬರೀರಿ ಭಾಷಣದಲ್ಲಿ.”

“ಕುರ್ಚಿ ಇಗರ್ಜಿದು. ಊಟ ಮಸೀದಿ ಬೀದಿ ಹೆಂಗಸರದು. ವಿಚಾರಿಸಿದೀನಿ. ಅದನ್ನ ನಾನು ಬರೆಯಲ್ಲ.”

ಅವರು ಅವಳನ್ನು ನೋಡಿದರು. ಹತ್ತೊಂಬತ್ತು ವರ್ಷಗಳಲ್ಲಿ “ಬರೆಯಲ್ಲ” ಎಂಬ ಮಾತನ್ನು ಅವಳು ಹೀಗೆ ಸಪ್ಪಗೆ, ವಿವರಣೆಯಿಲ್ಲದೆ ಆಡಿದ್ದು ಇದೇ ಮೊದಲು. ಅವಳಿಗೂ ಅಚ್ಚರಿಯಾಯಿತು. ಬಾಯಿಂದ ಹೊರಬಿದ್ದ ಮೇಲೆ ಆ ಮಾತು ಚಿಕ್ಕದಾಗಿಯೇ ಇತ್ತು.

“ಸರಿ,” ಎಂದರು ಅವರು, ದನಿ ಇಳಿಸಿ. “ಒಂದು ಕೆಲಸ ಮಾಡೋಣ. ಅವರಲ್ಲಿ ಐದು ಜನರನ್ನ ಒಳಗೆ ಕರೀರಿ. ಹತ್ತು ನಿಮಿಷ. ಒಂದು ಫೋಟೋ. ನೀವು ಪಕ್ಕದಲ್ಲಿ ಕೂತ್ಕೊಂಡು ಸಮಾಧಾನ ಮಾಡಿ. ಹೆಂಗಸು ಹೇಳಿದ್ರೆ ಹೆಂಗಸರು ಕೇಳ್ತಾರೆ.”

“ಕರೀತೀನಿ. ಅವರ ಜೊತೆ ಮಾತಾಡೋ ತನಕ ಸಹಿ ಹಾಕಲ್ಲ ಅಂತ ಮಾತು ಕೊಡಿ.”

“ಕೊಟ್ಟೆ ಹೋಗಿ. ಪೆನ್ನು ಬೇಕಾದ್ರೆ ನೀವೇ ಇಟ್ಕೊಳ್ಳಿ.”

ಅವಳು ನಿಜವಾಗಿಯೂ ಪೆನ್ನು ತೆಗೆದುಕೊಂಡು ಎದ್ದಳು.

ಗೇಟಿನವರೆಗೆ ನಡೆಯುವಾಗ ಅವಳ ಕಿವಿಯಲ್ಲಿ ಆ ಮಾತೇ ಕೊರೆಯುತ್ತಿತ್ತು. ಹೆಂಗಸು ಹೇಳಿದರೆ ಹೆಂಗಸರು ಕೇಳುತ್ತಾರೆ. ಮೊದಲ ಸಲ ಅವಳನ್ನು ಹೀಗೆ ಕಳಿಸಿದ್ದು ಯಾವಾಗ? ನೇಣಿನ ತೀರ್ಪು ಕೊಟ್ಟ ದಿನ, ಕೋರ್ಟಿನ ಮೆಟ್ಟಿಲ ಮೇಲೆ ಬಿದ್ದು ಹೊರಳುತ್ತಿದ್ದ ಒಬ್ಬ ಹೆಂಡತಿಯ ಬಳಿಗೆ. ಅಂದು ವಿದಾದ್ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸಿದ್ದಳು. ಒಳಗೆ ಗಂಡಸರು ಊಟಕ್ಕೆ ಎದ್ದಿದ್ದರು. ಎಲ್ಲಿ ಏನು ಚೆಲ್ಲಿದರೂ ಒರೆಸಲು ಅವಳು. ಒರೆಸುವ ಬಟ್ಟೆಯನ್ನು ಯಾರೂ ಕೇಳುವುದಿಲ್ಲ, ನಿನಗೆ ಹೇಗನ್ನಿಸುತ್ತದೆ ಎಂದು.

ಐವರು ಬಂದರು. ಮುಂದೆ ಉಮ್ಮ್ ರಾಗಿಬ್, ಅಂದರೆ ರಾಗಿಬನ ತಾಯಿ, ಎತ್ತರದ ಹೆಂಗಸು, ಎದೆಗೆ ಮಗನ ಪಟ ಪಿನ್ನು ಹಾಕಿ ಸಿಕ್ಕಿಸಿಕೊಂಡಿದ್ದಳು. ಪಕ್ಕದಲ್ಲಿ ಉಮ್ಮ್ ತಾನ್ಯೂಸ್, ಅರವತ್ತು ದಾಟಿದ ಬೆಸ್ತರ ಹೆಂಗಸು. ಅವಳ ಅಂಗೈ ಬಲೆಯ ಹಗ್ಗಕ್ಕೆ ಒರಟಾಗಿತ್ತು. ಹಿಂದೆ ಆಂಬುಲೆನ್ಸ್ ಚಾಲಕನೊಬ್ಬನ ಹೆಂಡತಿ ಹನೀನ್, ಇಪ್ಪತ್ತಾರರ ಹುಡುಗಿ, ಏಳು ತಿಂಗಳ ಬಸುರಿ. ಇನ್ನಿಬ್ಬರು ಅಕ್ಕತಂಗಿಯರು, ಒಂದೇ ದೋಣಿಯಲ್ಲಿ ಇಬ್ಬರ ಮಕ್ಕಳೂ ಇದ್ದರು. ಅಂಚಿನಲ್ಲಿ ಕೂರಬಾರದೆಂಬಂತೆ ಐವರೂ ಸೋಫಾದ ಒಳಕ್ಕೆ ಸರಿದು, ಬೆನ್ನು ಒರಗಿಸಿ ಕೂತರು.

“ಬನ್ನಿ ತಾಯಂದಿರೇ, ನಿಮ್ಮ ಮನೇನೇ ಅಂದ್ಕೊಳ್ಳಿ,” ಎಂದರು ಅಧ್ಯಕ್ಷರು.

“ನಮ್ಮನೆ ಮೇಲೆ ಹೋದ ವಾರ ಬಾಂಬು ಬಿತ್ತು ರಈಸ್,” ಎಂದಳು ಉಮ್ಮ್ ರಾಗಿಬ್. “ಇದು ಗಟ್ಟಿಯಾಗಿದೆ.”

ಫೋಟೋ ತೆಗೆಯುವವನು ಕ್ಯಾಮೆರಾ ಕೆಳಗಿಳಿಸಿದ. ವಿದಾದ್ ಅವನಿಗೆ ಹೊರಗೆ ಹೋಗು ಎಂದು ಕಣ್ಣಿನಲ್ಲೇ ಹೇಳಿದಳು.

ಅಷ್ಟರಲ್ಲಿ ಒಳಗಿನಿಂದ ಅರಮನೆಯ ಅಡುಗೆಯವ ಅಬೂ ಫವ್ವಾಜ್ ಬಂದ. ಎಡಗೈಯಲ್ಲಿ ಹಿತ್ತಾಳೆಯ ಕಾಫಿ ಜಾರಿ, ಬಲಗೈಯಲ್ಲಿ ಹಿಡಿಯಿಲ್ಲದ ಪುಟ್ಟ ಬಟ್ಟಲುಗಳ ಸಾಲು. ಸಂತೆಯ ಸಾವುಗಳಿಗೆ ಸೋಮವಾರದಿಂದ ದೇಶವೆಲ್ಲ ಮೂರು ದಿನದ ಸೂತಕ. ಆ ಮೂರು ದಿನವೂ ಅರಮನೆಗೆ ಸಂತಾಪ ಹೇಳಲು ಬಂದವರಿಗೆಲ್ಲ ಅವನು ಪದ್ಧತಿಯಂತೆ ಸಕ್ಕರೆ ಹಾಕದ ಕಹಿ ಕಾಫಿಯನ್ನೇ ಸುರಿದಿದ್ದ. ಇಂದೂ ಕೈ ತನ್ನಷ್ಟಕ್ಕೆ ಅದೇ ಜಾರಿಯನ್ನು ಎತ್ತಿಕೊಂಡು ಬಂದಿತ್ತು. ಬಾಗಿ, ಒಬ್ಬೊಬ್ಬರಿಗೂ ಎರಡು ಗುಟುಕಿನಷ್ಟು ಸುರಿದ.

ಉಮ್ಮ್ ತಾನ್ಯೂಸ್ ಬಟ್ಟಲನ್ನು ತುಟಿಗಿಟ್ಟಳು. ಇಟ್ಟವಳು ನುಂಗಲಿಲ್ಲ. ಬಾಯಲ್ಲಿದ್ದದ್ದನ್ನು ಮತ್ತೆ ಬಟ್ಟಲಿಗೇ ಬಿಟ್ಟಳು.

“ಸಕ್ಕರೆ ಇಲ್ಲ,” ಎಂದಳು.

ಅಕ್ಕತಂಗಿಯರ ಕೈ ಅರ್ಧದಲ್ಲೇ ನಿಂತಿತು.

“ಇದು ಸಾವಿನ ಮನೆ ಕಾಫಿ. ಯಾರು ಸತ್ತಿದಾರೆ, ರಈಸ್?”

ಅಬೂ ಫವ್ವಾಜನ ಮುಖ ಬೂದಿಯಾಯಿತು. “ಅಯ್ಯೋ, ನನ್ನ ತಪ್ಪು ತಾಯೀ, ನನ್ನ ಕೈ ಕಡಿದುಹೋಗ್ಲಿ, ಸಿಹಿ ಜಾರಿ ತರ್ತೀನಿ, ಈಗ್ಲೇ…”

ಅಷ್ಟಕ್ಕೇ ಮುಗಿಯಬಹುದಿತ್ತು. ಅಡುಗೆಯವನ ತಪ್ಪು, ಒಂದು ಕ್ಷಮೆ, ಇನ್ನೊಂದು ಜಾರಿ. ಅಧ್ಯಕ್ಷರು ಅವನನ್ನು ಗದರಿದ್ದರೂ ಸಾಕಿತ್ತು. ಆದರೆ ಅವರು ಅಬೂ ಫವ್ವಾಜನನ್ನು ನೋಡಲಿಲ್ಲ, ಜಾರಿಯನ್ನು ನೋಡಲಿಲ್ಲ. ಥಟ್ಟನೆ ವಿದಾದಳನ್ನು ನೋಡಿದರು. ಸಿಕ್ಕಿಬಿದ್ದವನು ಹೊರಬಾಗಿಲನ್ನು ನೋಡುವ ಹಾಗೆ.

ಆ ನೋಟವನ್ನು ಅವಳು ಹತ್ತೊಂಬತ್ತು ವರ್ಷಗಳಿಂದ ಬಲ್ಲಳು. ಒಬ್ಬ ಸಾಕ್ಷಿ ಏನು ಹೇಳುತ್ತಾನೆಂದು ಮೊದಲೇ ಗೊತ್ತಿದ್ದೂ ಗೊತ್ತಿಲ್ಲದಂತೆ ಕೂರಬೇಕಾದಾಗ ಅವರು ಹೀಗೇ ನೋಡುತ್ತಿದ್ದರು.

“ರಈಸ್,” ಎಂದಳು, “ನಿಮಗೇನು ಗೊತ್ತು?”

“ಆಮೇಲೆ ಮಾತಾಡೋಣ.”

“ಈಗ ಮಾತಾಡೋಣ.”

“ಸಿತ್ ವಿದಾದ್!”

“ಕೂಗ್ಬೇಡಿ. ಇವರು ನಲವತ್ತೊಂದು ದಿನದಿಂದ ಬಾಂಬು ಕೇಳಿದಾರೆ, ನಿಮ್ಮ ಕೂಗಿಗೆ ಹೆದರಲ್ಲ. ನಿಮಗೇನು ಗೊತ್ತು?”

ಅಧ್ಯಕ್ಷರು ಕನ್ನಡಕ ತೆಗೆದರು. ಒರೆಸಲಿಲ್ಲ, ಕೈಯಲ್ಲಿ ಹಿಡಿದುಕೊಂಡರು. “ಭಾನುವಾರ ರಾಯಭಾರಿ ಹೇಳ್ದ,” ಎಂದರು. “ಹನ್ನೊಂದರಲ್ಲಿ ನಾಲ್ಕು ಜನ ಇಲ್ಲ.”

ಹನೀನ್ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಳು. ಅಕ್ಕತಂಗಿಯರಲ್ಲಿ ಒಬ್ಬಳು ಇನ್ನೊಬ್ಬಳ ತೋಳನ್ನು ಹಿಡಿದದ್ದು, ಹಿಡಿದವಳಿಗೇ ನೋಯುವಷ್ಟು ಬಿಗಿಯಾಗಿತ್ತು.

“ಯಾವ ನಾಲ್ಕು?” ಉಮ್ಮ್ ರಾಗಿಬ್ ಕೇಳಿದಳು.

“ಗೊತ್ತಿಲ್ಲ.”

“ಹೇಳಲ್ಲ ಅಂತೀರಾ, ಗೊತ್ತಿಲ್ಲ ಅಂತೀರಾ?”

“ದೇವರಾಣೆ ಗೊತ್ತಿಲ್ಲ. ಅವನು ಸಂಖ್ಯೆ ಹೇಳ್ದ. ಹೆಸರು… ಹೆಸರು ನಾನು ಕೇಳ್ಲಿಲ್ಲ.”

ವಿದಾದಳ ಮೈ ಕಿವಿಯವರೆಗೆ ಬಿಸಿಯೇರಿತು. ಮುಚ್ಚಿಟ್ಟದ್ದನ್ನು ಅವಳು ಕ್ಷಮಿಸಬಹುದಿತ್ತು. ಯುದ್ಧದಲ್ಲಿ ಮುಚ್ಚಿಡುವುದು ಇರುತ್ತದೆ, ಅವಳೇ ಎಷ್ಟೋ ಮುಚ್ಚಿಟ್ಟಿದ್ದಳು. ಆದರೆ ಅವರು ಕೇಳಲಿಲ್ಲ. ಒಬ್ಬ ಮನುಷ್ಯ ಎದುರು ಕೂತು ನಾಲ್ಕು ಎಂದಾಗ, ಯಾರು ಎಂದು ಕೇಳದೆ ಕಾಫಿ ಕುಡಿದು ಎದ್ದುಬರಲು ಎಂಥ ಮನಸ್ಸು ಬೇಕು? ಕೇಳಿದರೆ ಹೇಳಬೇಕಾಗುತ್ತದೆ. ಕೇಳದಿದ್ದರೆ ಸೂಕ್ತ ಸಮಯ ಎಂಬ ಎರಡು ಪದಗಳ ಕೆಳಗೆ ಹನ್ನೊಂದು ಜನರನ್ನೂ ಒಟ್ಟಿಗೆ ಹೂಳಿಬಿಡಬಹುದು. ಸತ್ತವರ ಜೊತೆಗೆ ಬದುಕಿರುವ ಏಳು ಜನರನ್ನೂ.

“ಕೇಳ್ಲಿಲ್ಲ,” ಎಂದಳು ಅವಳು. “ಕೇಳೋಕಾಗ್ಲಿಲ್ವಾ, ಕೇಳ್ಬಾರ್ದು ಅಂತಲಾ?”

“ನನ್ನನ್ನ ಕಟಕಟೇಲಿ ನಿಲ್ಲಿಸ್ತಿದೀರಾ?”

“ನಾನಲ್ಲ. ಇವರು.”

ಉಮ್ಮ್ ರಾಗಿಬ್ ತನ್ನ ಬಟ್ಟಲನ್ನು ಮೇಜಿನ ಮೇಲೆ, ಅಧ್ಯಕ್ಷರ ಎದುರಿಗೆ, ತುಂಬಿದಂತೆಯೇ ಇಟ್ಟಳು. ಉಳಿದ ನಾಲ್ವರೂ ಇಟ್ಟರು. ದಕ್ಷಿಣದಲ್ಲಿ ಬೇಡಿಕೆ ಹೊತ್ತು ಬಂದ ಅತಿಥಿ ಬಟ್ಟಲನ್ನು ಹೀಗೆ ಕೆಳಗಿಟ್ಟರೆ, ಬೇಡಿದ್ದು ಸಿಗುವವರೆಗೆ ಕುಡಿಯುವುದಿಲ್ಲ. ಅತಿಥಿಯ ಕಾಫಿ ಆರಿಹೋದರೆ ಅದು ಮನೆಯ ಯಜಮಾನನಿಗೆ ಏಳು ತಲೆಮಾರಿನ ಅವಮಾನ. ಅಬೂ ಫವ್ವಾಜ್ ಜಾರಿ ಹಿಡಿದುಕೊಂಡೇ ಗೋಡೆಗೆ ಸರಿದು ನಿಂತ.

“ನೀವು ಜಡ್ಜ್ ಆಗಿದ್ರಂತಲ್ಲ ರಈಸ್,” ಎಂದಳು ಉಮ್ಮ್ ರಾಗಿಬ್. “ನಿಮ್ಮ ಕೋರ್ಟಲ್ಲಿ ಹೆಸರಿಲ್ದೆ ಒಂದು ಸಾವು ಬರೀತಿದ್ರಾ? ಕುರಿ ಕಳ್ದುಹೋದ್ರೂ ಅದರ ಕಿವಿ ಗುರುತು ಕೇಳ್ತಿದ್ರಲ್ಲ?”

“ಬೇಡ!” ಹನೀನ್ ಥಟ್ಟನೆ ಕೂಗಿದಳು. “ಕೇಳ್ಬೇಡಿ. ಈಗ ನನ್ನ ಗಂಡ ಇದಾನೆ. ನೀವು ಕೇಳಿದ್ರೆ ಇಲ್ಲ ಅಂದ್ಬಿಟ್ರೆ? ಇನ್ನೆರಡು ತಿಂಗಳು, ಹೆರಿಗೆ ಆಗೋ ತನಕ ಸುಮ್ನಿರಿ, ಕೈಮುಗೀತೀನಿ.”

“ಸುಮ್ನಿರು ಮಗಳೇ,” ಉಮ್ಮ್ ತಾನ್ಯೂಸ್ ಅವಳ ಬೆನ್ನು ಸವರಿದಳು. “ನಿನ್ನ ಭಯ ನನಗೆ ಗೊತ್ತು. ಆದ್ರೆ ಬದುಕಿರೋ ಏಳು ಜನ ಅಲ್ಲಿ ಗೋಡೆ ನೋಡ್ತಾ ಕೂತಿದಾರಲ್ಲ, ಅವರ ತಾಯಂದಿರಿಗೇನು ಹೇಳ್ತೀಯ?” ಆಮೇಲೆ ಅಧ್ಯಕ್ಷರ ಕಡೆ ತಿರುಗಿದಳು. “ಬದುಕಿರೋರನ್ನ ಬದುಕಿದಾರೆ ಅಂತ ಕಳಿಸ್ಲಿ, ಸತ್ತೋರನ್ನ ಸತ್ತಿದಾರೆ ಅಂತ ಕಳಿಸ್ಲಿ. ಇವೆರಡನ್ನೂ ಒಂದೇ ಗೋಣೀಲಿ ಕಟ್ಬೇಡಿ.”

ಅಧ್ಯಕ್ಷರು ಎದ್ದು ಕಿಟಕಿಯ ಬಳಿ ಹೋದರು. “ನಿಮಗೆ ಅರ್ಥ ಆಗ್ತಿಲ್ಲ,” ಎಂದರು, ಗಾಜಿಗೆ. “ನಾನು ಒಂದು ಪದ ಬದಲಾಯಿಸಿದ್ರೂ ಇವತ್ತು ಆರು ಗಂಟೆಗೆ ಬಾಂಬು ನಿಲ್ಲಲ್ಲ. ಅವರು ಉತ್ತರ ಕೊಡೋಕೆ ಒಂದು ರಾತ್ರಿ ತಗೊಳ್ತಾರೆ. ಆ ರಾತ್ರಿ ಎಷ್ಟು ಜನ? ಅವರಿಗೂ ತಾಯಂದಿರಿಲ್ವಾ?”

ಅವರ ಮಾತಿನಲ್ಲಿ ನಿಜವಿದೆ ಎಂಬುದೇ ವಿದಾದಳ ಸಿಟ್ಟನ್ನು ಇನ್ನಷ್ಟು ಕೆರಳಿಸಿತು. ನಿಜವನ್ನು ಅವರು ಹೀಗೆಯೇ ಬಳಸುತ್ತಿದ್ದರು, ಬೇರೊಂದು ನಿಜದ ಬಾಯಿಗೆ ತುರುಕಲು.

“ಭಾನುವಾರವೇ ಕೇಳಿದ್ರೆ ಇವತ್ತಿಗೆ ನಾಲ್ಕು ರಾತ್ರಿ ಕಳೆದಿರ್ತಿತ್ತು,” ಎಂದಳು. “ಉತ್ತರಾನೂ ಬಂದಿರ್ತಿತ್ತು. ಆ ಒಂದು ರಾತ್ರಿಯನ್ನ ಕಳೆದುಕೊಂಡಿದ್ದು ಈ ತಾಯಂದಿರಲ್ಲ, ನೀವು.”

ಅವರು ತಿರುಗಲಿಲ್ಲ.

ಅವಳು ಮೇಜಿನ ಮೇಲಿನ ಒಪ್ಪಂದದ ಪ್ರತಿಯನ್ನು ಎಳೆದುಕೊಂಡಳು. ಅವರ ಪೆನ್ನು ಅವಳ ಬಳಿಯೇ ಇತ್ತು. ಐದನೇ ಕಲಮಿನ ಮೇಲೆ ಒಂದು ಗೆರೆ ಎಳೆದಳು. ಕೆಳಗೆ ಬರೆದಳು: ಸಹಿಗೆ ಮುಂಚೆ ಮೃತರ ಹೆಸರು, ಸಹಿಯಾದ ಹತ್ತು ದಿನಗಳೊಳಗೆ ಜೀವಂತ ಇರುವವರೂ ಮೃತರ ದೇಹಗಳೂ ವಾಪಸು. ಆಮೇಲೆ ಹನ್ನೊಂದು ಹೆಸರುಗಳನ್ನು ಒಂದೊಂದಾಗಿ ಬರೆದಳು. ಅವಳಿಗೆ ಎಲ್ಲವೂ ಬಾಯಿಗೆ ಬರುತ್ತಿತ್ತು. ಇಪ್ಪತ್ತಾರು ದಿನಗಳಿಂದ ಗೇಟು ದಾಟುವಾಗ ತಾಯಂದಿರ ಫಲಕಗಳಲ್ಲಿ ಓದಿದ ಹೆಸರುಗಳು. ಈ ಸಲ ಏನನ್ನೂ ಸೋಸಲಿಲ್ಲ. “ಕೋರುತ್ತೇವೆ” ಎಂದು ಬರೆಯಲಿಲ್ಲ. “ಆಗತಕ್ಕದ್ದು” ಎಂದು ಬರೆದಳು.

“ಇವತ್ತು ರಾತ್ರಿ ಸಾಯೋರನ್ನ ನಿಮ್ಮ ಹೆಸರಿಗೆ ಬರೀತೀನಿ,” ಎಂದರು ಅಧ್ಯಕ್ಷರು, ಬಂದು ನಿಂತು.

“ಬರೀರಿ. ಆದ್ರೆ ಅವರ ಹೆಸರೂ ಬರೀರಿ, ಸಂಖ್ಯೆ ಅಲ್ಲ.”

ಅವರು ಮೇಜನ್ನು ನೋಡಿದರು. ಐದು ಬಟ್ಟಲು. ಅಬೂ ಫವ್ವಾಜ್ ಗೋಡೆಯ ಬಳಿ ಅಳುತ್ತಿದ್ದ, ಗಂಡಸರು ಅಳುವ ಹಾಗೆ, ಮೂಗಿನಲ್ಲಿ. ಕೊನೆಗೆ ಅಧ್ಯಕ್ಷರು ಕೈ ಚಾಚಿದರು. ವಿದಾದ್ ಪೆನ್ನು ಕೊಟ್ಟಳು. ತಿದ್ದಿದ ಜಾಗದ ಪಕ್ಕದಲ್ಲಿ ಅವರು ಕಾಗದ ಹರಿಯುವಷ್ಟು ಒತ್ತಿ ಹೆಸರಿನ ಮೊದಲಕ್ಷರ ಹಾಕಿದರು.

“ತಗೊಂಡು ಹೋಗಿ ನಿಮ್ಮ ಒಪ್ಪಂದಾನ,” ಎಂದರು. ಒಳಕೋಣೆಗೆ ಹೋಗಿ ಬಾಗಿಲು ಬಡಿದುಕೊಂಡರು.

ರಾಯಭಾರಿ ವಿಮಾನ ಬಿಟ್ಟು ದೂರವಾಣಿಯ ಮುಂದೆ ಕೂತ. ಹೆಂಗಸರು ಹೊರಗಿನ ಹಜಾರದಲ್ಲಿ ಕೂತರು. ಯಾರೂ ಊಟ ಮಾಡಲಿಲ್ಲ. ವಿದಾದ್ ಅವರ ಎದುರಿಗಿನ ಕುರ್ಚಿಯಲ್ಲಿ ಕೂತಳು, ಸಮಾಧಾನದ ಒಂದು ಮಾತನ್ನೂ ಆಡಲಿಲ್ಲ. ಆಡಬೇಕೆಂದು ಯಾರೂ ನಿರೀಕ್ಷಿಸಲೂ ಇಲ್ಲ. ಅದು ಅವಳಿಗೆ ಹೊಸದಾಗಿತ್ತು.

ನಾಲ್ಕೂವರೆಗೆ ಉತ್ತರ ಬಂತು. ಐದನೇ ಕಲಮು ಒಪ್ಪಿಗೆ. ಕದನವಿರಾಮ ಸಂಜೆ ಆರಕ್ಕಲ್ಲ, ನಾಳೆ ಬೆಳಗ್ಗೆ ಎಂಟಕ್ಕೆ. ಜೊತೆಗೊಂದು ಹಾಳೆ, ಅರಬ್ಬಿಯಲ್ಲಿ ಅಚ್ಚಾದ ನಾಲ್ಕು ಸಾಲು. ಹದಿನಾಲ್ಕು ಗಂಟೆ, ಎಂದುಕೊಂಡಳು ವಿದಾದ್. ಆ ಹದಿನಾಲ್ಕು ಗಂಟೆಗಳು ತನ್ನವು. ಇನ್ನು ಮೇಲೆ ಅವು ತನ್ನ ಜೊತೆಯೇ ಇರುತ್ತವೆ, ಬೇಡವೆಂದರೂ.

ಹಾಳೆ ಹಿಡಿದು ಹಜಾರಕ್ಕೆ ಬಂದಳು. ಐವರೂ ಎದ್ದು ನಿಂತರು.

“ಓದ್ಬೇಡ,” ಎಂದಳು ಉಮ್ಮ್ ತಾನ್ಯೂಸ್. “ತೋರಿಸು. ನನಗೆ ಓದು ಬರಲ್ಲ, ಆದ್ರೆ ನನ್ನ ಮಗನ ಹೆಸರು ಹೇಗಿರತ್ತೆ ಅಂತ ಗೊತ್ತು. ದೋಣಿ ಮೇಲೆ ಅವನೇ ಬರ್ದಿದಾನೆ, ನೀಲಿ ಬಣ್ಣದಲ್ಲಿ. ದಿನಾ ನೋಡ್ತಿದ್ದೆ.”

ವಿದಾದ್ ಹಾಳೆಯನ್ನು ಮುಂದೆ ಹಿಡಿದಳು. ಉಮ್ಮ್ ರಾಗಿಬ್ ಭುಜದ ಮೇಲಿಂದ ಬಗ್ಗಿ ಓದಿ, ಕಣ್ಣು ಮುಚ್ಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಅಕ್ಕತಂಗಿಯರೂ ಓದಿದರು; ಈ ಮೂವರ ಮಕ್ಕಳ ಹೆಸರೂ ಅಲ್ಲಿರಲಿಲ್ಲ. ಹನೀನ್ ಗೋಡೆಗೆ ಮುಖ ಮಾಡಿ ನಿಂತಿದ್ದಳು. ವಿದಾದ್ ಅವಳ ಕಡೆ ನೋಡಿ, ಇಲ್ಲ ಎಂದು ತಲೆಯಾಡಿಸಿದಳು, ನಿನ್ನ ಗಂಡನ ಹೆಸರಿಲ್ಲ. ಆ ಹುಡುಗಿ ನೆಲಕ್ಕೆ ಕುಸಿದು ಕೂತು, ಸಂತೋಷ ಕಾಣಬಾರದೆಂದು ತಲೆವಸ್ತ್ರದ ಅಂಚಿನಿಂದ ಬಾಯಿ ಮುಚ್ಚಿಕೊಂಡಳು.

ಉಮ್ಮ್ ತಾನ್ಯೂಸಳ ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ಮೊದಲನೆಯದು. ಎರಡನೆಯದು. ಮೂರನೆಯದರ ಮೇಲೆ ನಿಂತಿತು.

“ಇದಲ್ವಾ?”

“ಹೌದು, ಉಮ್ಮ್ ತಾನ್ಯೂಸ್.”

ಅವಳು ಅಳಲಿಲ್ಲ. ಬೆರಳನ್ನು ಅಲ್ಲಿಂದ ತೆಗೆಯಲೂ ಇಲ್ಲ. “ಭಾನುವಾರ ಅಂದ್ರಲ್ಲ,” ಎಂದಳು. “ಸೋಮವಾರ ನಾನು ಅವನಿಗೆ ಅಂಗಿ ಒಗ್ದು ಒಣಹಾಕ್ದೆ. ಮಂಗಳವಾರ ಅವನ ಮದುವೆ ಮಾತಾಡ್ತಾ ನಕ್ಕೆ, ಆ ಗೇಟಿನ ಹತ್ರ, ಇವರೆಲ್ಲ ಕೇಳಿದಾರೆ. ನಾನು ನಗೋದನ್ನ ಆ ಮನುಷ್ಯ ಕಿಟಕಿಯಿಂದ ನೋಡಿರ್ತಾನೆ.”

“ನೋಡಿರ್ಬಹುದು,” ಎಂದಳು ವಿದಾದ್. ಹೇಳದಿರಲು ಕಾರಣ ಕಾಣಲಿಲ್ಲ.

“ಒಳಗಿದಾನಾ?”

ಹತ್ತೊಂಬತ್ತು ವರ್ಷಗಳಿಂದ ಈ ಪ್ರಶ್ನೆಗೆ ಅವಳ ಬಳಿ ಉತ್ತರ ಸಿದ್ಧವಿತ್ತು. ಅವರು ಸಭೆಯಲ್ಲಿದ್ದಾರೆ, ಅವರಿಗೆ ಮೈ ಸರಿಯಿಲ್ಲ, ನೀವು ಬಂದಿದ್ದಿರೆಂದು ಹೇಳುತ್ತೇನೆ. ಬಾಗಿಲಲ್ಲಿದ್ದ ಕಾವಲುಗಾರ ಆ ಉತ್ತರಕ್ಕಾಗಿ ಅವಳ ಮುಖ ನೋಡಿದ.

“ಒಳಗೇ ಇದಾರೆ,” ಎಂದಳು ವಿದಾದ್. “ಒಬ್ಬರೇ ಇದಾರೆ.”

ಕಾವಲುಗಾರನನ್ನು ಕೈಯಿಂದ ಪಕ್ಕಕ್ಕೆ ಸರಿಸಿ, ಬಾಗಿಲನ್ನು ತಾನೇ ಪೂರ್ತಿ ತೆರೆದಳು.